ಜ್ವರದ ಬೆನ್ನಿಗೇ ಹೊಟ್ಟೆನೋವು ಬಂದರೆ ಮೊದಲ ರಕ್ತದಲ್ಲೇ ಟ್ರೈಗ್ಲಿಸರೈಡ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಮೈಸೂರು, ಮಂಡ್ಯ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಎಲ್ಲರ ಕಣ್ಣೂ ಒಂದೇ ಸಂಖ್ಯೆಯ ಮೇಲೆ: ಪ್ಲೇಟ್‌ಲೆಟ್ ಎಷ್ಟು? ಡೆಂಗಿ ಸುದ್ದಿ ಬರೆಯುವ ಪತ್ರಿಕೆಗಳು ಕೇಳುವುದೂ ಅದನ್ನೇ, ರೋಗಿಯ ಕಡೆಯವರು ಕೇಳುವುದೂ ಅದನ್ನೇ. ಕೇಳಬೇಕಾದದ್ದೇ. ಆದರೆ ಜ್ವರದ ನಡುವೆಯೋ, ಜ್ವರ ಇಳಿದ ಮೇಲೋ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಶುರುವಾಗಿ, ಅದು ಬೆನ್ನಿಗೆ ಹಾಯ್ದು, ವಾಂತಿ ನಿಲ್ಲದಿದ್ದರೆ ಇನ್ನೆರಡು ಸಂಖ್ಯೆಗಳನ್ನೂ ಕೇಳಬೇಕು. ಒಂದು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕಿಣ್ವವಾದ ಲೈಪೇಸ್, ಇನ್ನೊಂದು ರಕ್ತದಲ್ಲಿರುವ ಕೊಬ್ಬಾದ ಟ್ರೈಗ್ಲಿಸರೈಡ್. ಲೈಪೇಸನ್ನು ನಾಳೆ ನೋಡಿದರೂ ಸಿಗುತ್ತದೆ. ಟ್ರೈಗ್ಲಿಸರೈಡ್ ಹಾಗಲ್ಲ. ಉಪವಾಸ ಹಾಕಿ ಡ್ರಿಪ್ಸ್ ಏರಿಸಿದ ಒಂದೆರಡು ದಿನದಲ್ಲಿ ಅದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದುಬಿಡುತ್ತದೆ. ಆಮೇಲೆ ಕಾಯಿಲೆಯ ಕಾರಣ ಯಾರಿಗೂ ತಿಳಿಯದೆ ಉಳಿಯುತ್ತದೆ, ಅದೇ ಕಾರಣ ಮತ್ತೆ ಅದೇ ನೋವನ್ನು ತರುತ್ತದೆ. ಈ ಒಂದು ವಿಷಯಕ್ಕಾಗಿ ಈ ಪತ್ರ ಬರೆಯುತ್ತಿದ್ದೇವೆ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಇನ್ಸುಲಿನ್ ತಯಾರಿಸುವುದು ಇದೇ. ಊಟದ ಹಿಟ್ಟು, ಬೇಳೆ, ಕೊಬ್ಬನ್ನು ಅರಗಿಸುವ ಕಿಣ್ವಗಳನ್ನು ದಿನಕ್ಕೆ ಒಂದರಿಂದ ಎರಡು ಲೀಟರ್ ರಸದಲ್ಲಿ ಕರುಳಿಗೆ ಬಿಡುವುದೂ ಇದೇ. ಆ ಕಿಣ್ವಗಳು ಕರುಳು ತಲುಪಿದ ಮೇಲಷ್ಟೇ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾದರೆ ಗ್ರಂಥಿಯನ್ನೇ ಅರಗಿಸತೊಡಗುತ್ತವೆ. ಆಗ ಉಂಟಾಗುವ ಉರಿಯೂತವೇ ಪ್ಯಾಂಕ್ರಿಯಾಟೈಟಿಸ್. ನೋವು ಹೊಕ್ಕುಳಿನ ಮೇಲೆ ಶುರುವಾಗಿ ಬೆನ್ನಿಗೆ ಹೋಗುತ್ತದೆ, ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಗ್ಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಗೆ ಜಗ್ಗುವುದಿಲ್ಲ. ಮೂರರಲ್ಲಿ ಎರಡು ಇದ್ದರೆ ಕಾಯಿಲೆ ಖಚಿತ ಎಂಬುದು 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ಮಾನದಂಡ: ಹೇಳಿದಂಥ ನೋವು, ಲ್ಯಾಬ್‌ನ ಗರಿಷ್ಠ ಮಿತಿಗಿಂತ ಕನಿಷ್ಠ ಮೂರು ಪಟ್ಟು ಏರಿದ ಲೈಪೇಸ್ ಅಥವಾ ಅಮೈಲೇಸ್ (ಅದೇ ಗ್ರಂಥಿಯ ಇನ್ನೊಂದು ಕಿಣ್ವ), ಸ್ಕ್ಯಾನ್‌ನಲ್ಲಿ ಕಾಣುವ ಊತ.

ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಪಿತ್ತಕೋಶದ ಕಲ್ಲು ಮತ್ತು ಮದ್ಯ. ಮೂರನೆಯ ಸ್ಥಾನ ರಕ್ತದಲ್ಲಿ ವಿಪರೀತ ಏರಿದ ಟ್ರೈಗ್ಲಿಸರೈಡ್‌ಗೆ. ವೈರಸ್ ಸೋಂಕು ಇವುಗಳಿಗಿಂತ ಅಪರೂಪ. ಆದರೆ ವೈರಸ್ಸನ್ನೂ ಕೊಬ್ಬನ್ನೂ ಬೇರೆ ಬೇರೆ ಖಾನೆಯಲ್ಲಿಟ್ಟು ನೋಡುವ ಅಭ್ಯಾಸದಿಂದಲೇ ಎಷ್ಟೋ ರೋಗಿಗಳ ಕಾರಣ ಕೈತಪ್ಪಿ ಹೋಗುತ್ತಿದೆ.

ಮೊದಲು ವೈರಸ್ ನೇರವಾಗಿ ಮಾಡುವ ಹಾನಿ. ಬಹುಕಾಲದಿಂದ ಗೊತ್ತಿರುವುದು ಮಂಗನಬಾವು. ಕೆನ್ನೆ ಊದಿಕೊಂಡ ಮಗುವಿಗೆ ಒಂದು ವಾರದೊಳಗೆ ಹೊಟ್ಟೆನೋವು, ವಾಂತಿ ಬಂದರೆ ಮೇದೋಜೀರಕವನ್ನೂ ನೆನೆಯಬೇಕು. ಬಹುತೇಕ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ. ಕಾಕ್ಸಾಕಿ ಬಿ ವೈರಸ್, ಸೀತಾಳೆ ಸಿಡುಬಿನ ವೈರಸ್, ಹೆಪಟೈಟಿಸ್ ಎ ಮತ್ತು ಇ, ಡೆಂಗಿ, ಕೋವಿಡ್ ಎಲ್ಲದರಲ್ಲೂ ಮೇದೋಜೀರಕ ಊದಿದ್ದು ವರದಿಯಾಗಿದೆ. ನಮ್ಮ ಕಡೆ ಹೆಚ್ಚು ಗಮನ ಬೇಕಾದದ್ದು ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ. ಇದರಲ್ಲಿ ಹೊಟ್ಟೆನೋವು ಹೆಚ್ಚಾಗಿ ಯುವಕರಲ್ಲಿ, ಕಾಮಾಲೆ ಕಾಣಿಸಿಕೊಂಡ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಬರುತ್ತದೆ. ಅಷ್ಟರಲ್ಲಿ ಮನೆಯವರು ಜಾಂಡೀಸ್ ಇಳಿಯುತ್ತಿದೆ ಎಂದು ನಿರಾಳರಾಗಿರುತ್ತಾರೆ. ನೋವನ್ನು ‘ಲಿವರ್ ನೋವು’ ಎಂದು ತಳ್ಳಿಹಾಕುವುದು ಸುಲಭ. ಯಕೃತ್ತಿನ ನೋವು ಬಲಪಕ್ಕೆಯಲ್ಲಿ ಮಂದವಾಗಿರುತ್ತದೆ, ಬೆನ್ನಿಗೆ ಇರಿಯುವುದಿಲ್ಲ.

ಡೆಂಗಿಯಲ್ಲಿ ಜೋರು ಹೊಟ್ಟೆನೋವು, ನಿಲ್ಲದ ವಾಂತಿ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ 2009ರ ಅಪಾಯ ಸೂಚನೆಗಳ ಪಟ್ಟಿಯಲ್ಲಿವೆ. ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮೂರರಿಂದ ಏಳನೆಯ ದಿನದೊಳಗೆ, ರಕ್ತನಾಳದಿಂದ ನೀರಿನಂಶ ಸೋರುವುದರಿಂದ ಹೊಟ್ಟೆ ನೋಯುತ್ತದೆ, ಪಿತ್ತಕೋಶದ ಗೋಡೆ ದಪ್ಪಗಾಗುತ್ತದೆ, ಯಕೃತ್ತು ಊದುತ್ತದೆ. ಇವುಗಳ ನಡುವೆ ಮೇದೋಜೀರಕದ ಊತ ಅಡಗಿ ಕೂರಬಹುದು. ಲೈಪೇಸ್ ಮಾಡಿಸದೆ ಬೇರ್ಪಡಿಸಲಾಗದು. ಆದರೆ ಒಂದು ಎಚ್ಚರಿಕೆ. ಕೋವಿಡ್, ವಾಂತಿಭೇದಿ, ಮೂತ್ರಪಿಂಡದ ವೈಫಲ್ಯ ಇವುಗಳಲ್ಲೂ ಲೈಪೇಸ್ ಒಂದೂವರೆ, ಎರಡು ಪಟ್ಟು ಏರುವುದುಂಟು. ನೋವಿಲ್ಲದೆ ಅಷ್ಟು ಏರಿದ್ದನ್ನು ಪ್ಯಾಂಕ್ರಿಯಾಟೈಟಿಸ್ ಎಂದು ಕರೆದು ರೋಗಿಯನ್ನು ಉಪವಾಸ ಕೆಡವಬಾರದು.

ಇನ್ನು ಕೊಬ್ಬಿನ ದಾರಿ. ಯಾವುದೇ ಸೋಂಕು ಬಂದಾಗ ದೇಹ ಬಿಡುಗಡೆ ಮಾಡುವ ಟಿಎನ್ಎಫ್, ಇಂಟರ್‌ಲ್ಯೂಕಿನ್, ಇಂಟರ್‌ಫೆರಾನ್ ಎಂಬ ರಾಸಾಯನಿಕಗಳು ಕೊಬ್ಬಿನ ಲೆಕ್ಕವನ್ನೇ ಬದಲಿಸುತ್ತವೆ. ಮೈಯಲ್ಲಿ ಶೇಖರವಾದ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಯಕೃತ್ತು ಅದನ್ನು ಮತ್ತೆ ಟ್ರೈಗ್ಲಿಸರೈಡ್ ಮಾಡಿ ಹೊರಗೆ ಕಳಿಸುತ್ತದೆ. ಅದನ್ನು ರಕ್ತದಿಂದ ಎತ್ತಿ ಸ್ನಾಯುಗಳಿಗೆ ಒಪ್ಪಿಸಬೇಕಾದ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಮಾತ್ರ ಮಂದವಾಗುತ್ತದೆ. ಹೀಗಾಗಿ ಸೋಂಕಿನ ದಿನಗಳಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಮತ್ತು ಎಲ್‌ಡಿಎಲ್ ಇಳಿಯುತ್ತವೆ. ‘ನನ್ನ ಕೊಲೆಸ್ಟ್ರಾಲ್ ಕಮ್ಮಿಯಾಗಿದೆ’ ಎಂದು ಜ್ವರದ ವಾರದ ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸುವವರಿದ್ದಾರೆ. ಆ ವಾರದ ಲಿಪಿಡ್ ಪ್ರೊಫೈಲ್‌ಗೆ ಅಂಥ ತೀರ್ಮಾನದ ಬಲವಿಲ್ಲ.

ಇಲ್ಲಿ ಅಳತೆ ಮುಖ್ಯ. ಉಪವಾಸದಲ್ಲಿ ಟ್ರೈಗ್ಲಿಸರೈಡ್ ಪ್ರತಿ ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿದ್ದರೆ ಸರಿ. 200ರಿಂದ 499 ಹೆಚ್ಚು. 500 ದಾಟಿದರೆ ಅತಿ ಹೆಚ್ಚು. ಮೇದೋಜೀರಕಕ್ಕೆ ನಿಜವಾದ ಅಪಾಯ 1000 ದಾಟಿದ ಮೇಲೆ, 2000 ದಾಟಿದರೆ ಇನ್ನೂ ಹೆಚ್ಚು. ಆರೋಗ್ಯವಂತನೊಬ್ಬನಿಗೆ ವೈರಸ್ ಜ್ವರ ಬಂದ ಮಾತ್ರಕ್ಕೆ ಟ್ರೈಗ್ಲಿಸರೈಡ್ 120ರಿಂದ 1500ಕ್ಕೆ ಹಾರುವುದಿಲ್ಲ. ಇನ್ನೂರು, ಮುನ್ನೂರರ ಸುತ್ತ ಬಂದು, ಜ್ವರ ಹೋದ ಕೆಲವು ವಾರಗಳಲ್ಲಿ ತನ್ನ ಜಾಗಕ್ಕೆ ಮರಳುತ್ತದೆ. ಸಾವಿರ ದಾಟಬೇಕಾದರೆ ಜ್ವರಕ್ಕೆ ಮೊದಲೇ ಇನ್ನೊಂದು ಕಾರಣ ಕಾದು ಕೂತಿರಬೇಕು. ನಮ್ಮ ಜಿಲ್ಲೆಗಳಲ್ಲಿ ಆ ಇನ್ನೊಂದು ಕಾರಣ ಬಹುಪಾಲು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಹಲವರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ.

ಸಕ್ಕರೆ ಕಾಯಿಲೆಯವರಲ್ಲಿ ಇದು ನಡೆಯುವ ಕ್ರಮವನ್ನು ಬಿಡಿಸಿ ಹೇಳಬೇಕು. ಜ್ವರ ಬರುತ್ತದೆ. ಊಟ ಸೇರುವುದಿಲ್ಲ, ಅದಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಮನೆಯವರೇ ನಿಲ್ಲಿಸುತ್ತಾರೆ. ಸುಸ್ತಿಗೆಂದು ಗ್ಲೂಕೋಸ್ ಪುಡಿ ಕಲಸಿದ ನೀರು ಕುಡಿಸುತ್ತಾರೆ. ಎಲ್ಲೋ ಒಂದು ಕಡೆ ಜ್ವರ ಬೇಗ ಇಳಿಯಲೆಂದು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಬೀಳುತ್ತದೆ, ಅದು ಸಕ್ಕರೆಯನ್ನೂ ಕೊಬ್ಬನ್ನೂ ಏರಿಸುವ ಔಷಧ. ಕೊಬ್ಬನ್ನು ರಕ್ತದಿಂದ ಎತ್ತುವ ಕಿಣ್ವ ಕೆಲಸ ಮಾಡಬೇಕಾದರೆ ಇನ್ಸುಲಿನ್ ಬೇಕು. ಇನ್ಸುಲಿನ್ ಇಲ್ಲ, ಸೋಂಕು ಅದೇ ಕಿಣ್ವವನ್ನು ಇನ್ನೊಂದು ಕಡೆಯಿಂದ ಅದುಮಿದೆ. ಇತ್ತ ಕರಗಿದ ಕೊಬ್ಬು ಕೀಟೋನ್ ಆಗಿ ರಕ್ತ ಹುಳಿಯಾಗುತ್ತದೆ (ಇದೇ ಕೀಟೋಅಸಿಡೋಸಿಸ್), ಅತ್ತ ಟ್ರೈಗ್ಲಿಸರೈಡ್ ಸಾವಿರಗಳಲ್ಲಿ ಏರುತ್ತದೆ, ಮೂರನೆಯದಾಗಿ ಮೇದೋಜೀರಕ ಊದುತ್ತದೆ. ಕೀಟೋಅಸಿಡೋಸಿಸ್, ಅತಿ ಟ್ರೈಗ್ಲಿಸರೈಡ್, ಪ್ಯಾಂಕ್ರಿಯಾಟೈಟಿಸ್ ಮೂರೂ ಒಟ್ಟಿಗೆ ಬರುವುದು ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವ ತ್ರಿವಳಿ. ಕೀಟೋಅಸಿಡೋಸಿಸ್ ಒಂದಿದ್ದರೂ ಹೊಟ್ಟೆ ನೋಯುತ್ತದೆ. ಆ ಕಾರಣಕ್ಕೆ ಉಳಿದೆರಡನ್ನು ಹುಡುಕದೆ ಬಿಡುತ್ತಾರೆ. ಜ್ವರದ ದಿನಗಳಲ್ಲಿ ಇನ್ಸುಲಿನ್ನನ್ನು ಸ್ವಂತ ನಿರ್ಧಾರದಿಂದ ಪೂರ್ತಿ ನಿಲ್ಲಿಸಬೇಡಿ. ಪ್ರಮಾಣ ಎಷ್ಟಿರಬೇಕೆಂದು ನಿಮ್ಮ ವೈದ್ಯರನ್ನು ಕೇಳಿ, ದಿನಕ್ಕೆ ನಾಲ್ಕು ಸಲವಾದರೂ ಸಕ್ಕರೆ ನೋಡಿಕೊಳ್ಳಿ.

ಕಾದು ಕೂತಿರುವ ಬೇರೆ ಕಾರಣಗಳೂ ಇವೆ: ನಿತ್ಯದ ಮದ್ಯಪಾನ, ವಂಶದಿಂದ ಬಂದ ಕೊಬ್ಬಿನ ತೊಂದರೆ, ಥೈರಾಯ್ಡ್ ಕೊರತೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಮೂತ್ರಪಿಂಡದ ಕಾಯಿಲೆ. ಔಷಧಗಳಲ್ಲಿ ಸ್ಟೀರಾಯ್ಡ್, ಈಸ್ಟ್ರೋಜನ್ ಮಾತ್ರೆ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ಮನೋರೋಗಕ್ಕೆ ಕೊಡುವ ಓಲಾಂಜಪಿನ್ ಮತ್ತು ಕ್ಲೋಜಪಿನ್, ಎಚ್‌ಐವಿಗೆ ಕೊಡುವ ರಿಟೋನಾವಿರ್. ಐಸಿಯುನಲ್ಲಿ ನಿದ್ದೆಗೆ ಕೊಡುವ ಪ್ರೊಪೊಫಾಲ್ ಕೊಬ್ಬಿನ ದ್ರಾವಣದಲ್ಲೇ ಇರುತ್ತದೆ. ಕೋವಿಡ್ ಕಾಲದಲ್ಲಿ ಸ್ಟೀರಾಯ್ಡ್, ಪ್ರೊಪೊಫಾಲ್, ಟೋಸಿಲಿಜುಮಾಬ್ ಮೂರೂ ಒಬ್ಬನೇ ರೋಗಿಗೆ ಬಿದ್ದಾಗ ಏರಿದ ಟ್ರೈಗ್ಲಿಸರೈಡ್‌ನಲ್ಲಿ ವೈರಸ್ಸಿನ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿಯೇ ಎರಡು, ಮೂರು ಪಟ್ಟಾಗುತ್ತದೆ. ಅದೇ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಅತ್ಯಂತ ಅಪಾಯಕಾರಿ. ಕಾಮಾಲೆಯಿರುವ ಗರ್ಭಿಣಿಯನ್ನು ಮನೆಮದ್ದಿನಲ್ಲಿ ಒಂದು ದಿನವೂ ಇಟ್ಟುಕೊಳ್ಳಬಾರದು.

ಒಂದು ಮಾತು ವೈದ್ಯಮಿತ್ರರಿಗೆ. ಪಿತ್ತದ ಕಲ್ಲಿನಿಂದಲೋ ಮದ್ಯದಿಂದಲೋ ಮೇದೋಜೀರಕ ಊದಿದಾಗಲೂ ಟ್ರೈಗ್ಲಿಸರೈಡ್ ತುಸು ಏರುತ್ತದೆ. ಆದ್ದರಿಂದ 300 ಕಂಡು ‘ಕೊಬ್ಬಿನಿಂದಾದ ಪ್ಯಾಂಕ್ರಿಯಾಟೈಟಿಸ್’ ಎಂದು ಬರೆಯುವಂತಿಲ್ಲ, ಕಲ್ಲನ್ನು ಹುಡುಕಲೇಬೇಕು. ಇನ್ನೊಂದು: ಜ್ವರ ಇಳಿಯದೆ, ರಕ್ತಕಣಗಳೆಲ್ಲ ಕುಸಿಯುತ್ತಾ, ಗುಲ್ಮ ದೊಡ್ಡದಾಗಿ, ಉಪವಾಸದ ಟ್ರೈಗ್ಲಿಸರೈಡ್ 265 ದಾಟಿ, ಫೆರಿಟಿನ್ 500 ದಾಟಿದರೆ ಎಚ್‌ಎಲ್‌ಎಚ್ ಎಂಬ ಮಾರಕ ಸ್ಥಿತಿಯನ್ನು ನೆನೆಯಬೇಕು. ಅಲ್ಲಿ ಟ್ರೈಗ್ಲಿಸರೈಡ್ ಮೇದೋಜೀರಕದ ಕಥೆ ಹೇಳುತ್ತಿರುವುದಿಲ್ಲ, ರೋಗನಿರೋಧಕ ವ್ಯವಸ್ಥೆ ಕಟ್ಟು ಕಿತ್ತುಕೊಂಡಿದ್ದನ್ನು ಹೇಳುತ್ತಿರುತ್ತದೆ.

ಕೊಬ್ಬು ಗ್ರಂಥಿಯನ್ನು ಸುಡುವುದು ಹೇಗೆ? ಟ್ರೈಗ್ಲಿಸರೈಡ್ ತಾನಾಗಿ ವಿಷವಲ್ಲ. ಅದನ್ನು ಹೊತ್ತ ದೊಡ್ಡ ಕಣಗಳು ಗ್ರಂಥಿಯ ಸಣ್ಣ ರಕ್ತನಾಳಗಳಲ್ಲಿ ತುಂಬಿಕೊಂಡಾಗ, ಅಲ್ಲೇ ಇರುವ ಲೈಪೇಸ್ ಅವನ್ನು ಒಡೆದು ಬಿಡಿ ಕೊಬ್ಬಿನಾಮ್ಲಗಳನ್ನು ಹೊರಹಾಕುತ್ತದೆ. ಸಾಮಾನ್ಯವಾಗಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಈ ಆಮ್ಲಗಳನ್ನು ಕಟ್ಟಿಹಾಕುತ್ತದೆ. ಅಲ್ಬುಮಿನ್ ಸಾಲದೆ ಹೋದಾಗ ಅವು ಜೀವಕೋಶಗಳನ್ನೂ ನಾಳಗಳ ಒಳಪದರವನ್ನೂ ಕೆಡಿಸುತ್ತವೆ, ರಕ್ತ ಮಂದವಾಗಿ ಹರಿವು ಕುಂಠಿತವಾಗುತ್ತದೆ, ಅಲ್ಲಿ ಹುಳಿಯೇರಿ ಟ್ರಿಪ್ಸಿನ್ ಎಂಬ ಅರಗಿಸುವ ಕಿಣ್ವ ಗ್ರಂಥಿಯೊಳಗೇ ಚುರುಕಾಗುತ್ತದೆ. ಸೋಂಕಿನಲ್ಲಿ ಅಲ್ಬುಮಿನ್ ಮೊದಲೇ ಇಳಿದಿರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಈಗ ನಮ್ಮ ಮುಖ್ಯ ಕೋರಿಕೆಗೆ ಬರುತ್ತೇವೆ. ಅದು ನಡೆಯಬೇಕಾದದ್ದು ಲ್ಯಾಬ್‌ನಲ್ಲಿ.

ಟ್ರೈಗ್ಲಿಸರೈಡ್ ಸಾವಿರ ದಾಟಿದ ರಕ್ತವನ್ನು ಟ್ಯೂಬ್‌ನಲ್ಲಿ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ಸೀರಂ ತಿಳಿಹಳದಿಯಾಗಿರುವುದಿಲ್ಲ, ಹಾಲಿನಂತೆ ಬೆಳ್ಳಗಿರುತ್ತದೆ. ಪರೀಕ್ಷೆ ಮಾಡುವ ಮೊದಲೇ ಬರಿಗಣ್ಣಿಗೆ ಕಾಣುವ ರೋಗಲಕ್ಷಣ ಅದು. ಆದರೆ ಬಹಳ ಕಡೆ ಆಗುವುದೇನು? ‘ಲೈಪೀಮಿಕ್ (ಕೊಬ್ಬು ತುಂಬಿದ) ಸ್ಯಾಂಪಲ್, ಉಪವಾಸದಲ್ಲಿ ಮತ್ತೆ ಕೊಡಿ’ ಎಂದು ಬರೆದು ಮಾದರಿಯನ್ನು ಚೆಲ್ಲುತ್ತಾರೆ. ಊಟ ಮಾಡಿ ಬಂದಿದ್ದಾನೆ, ಅದಕ್ಕೇ ಹೀಗಾಗಿದೆ ಎಂಬುದು ಅವರ ತರ್ಕ. ಆರೋಗ್ಯವಂತರಲ್ಲಿ ಊಟದಿಂದ ಟ್ರೈಗ್ಲಿಸರೈಡ್ ಏರುವುದು ಸಾಮಾನ್ಯವಾಗಿ ಕೆಲವು ಹತ್ತು ಮಿಲಿಗ್ರಾಂ. ಬಾಡೂಟ ಉಂಡು ಬಂದರೂ 400 ದಾಟುವುದು ವಿರಳ. ಹಾಲುಬಣ್ಣದ ಸೀರಂ ಊಟದ ದೋಷವಲ್ಲ. ಮಾರನೆಯ ಬೆಳಿಗ್ಗೆ ಉಪವಾಸದ ಮಾದರಿ ಬರುವಷ್ಟರಲ್ಲಿ ರೋಗಿ ಹನ್ನೆರಡು, ಹದಿನಾಲ್ಕು ಗಂಟೆ ಏನೂ ತಿಂದಿರುವುದಿಲ್ಲ, ಡ್ರಿಪ್ಸ್ ಏರಿರುತ್ತದೆ, ಇನ್ಸುಲಿನ್ ಬಿದ್ದಿರುತ್ತದೆ. ಮೊದಲ ಟ್ಯೂಬ್‌ನಲ್ಲಿ 2400 ಇದ್ದದ್ದು ಮೂರನೆಯ ದಿನ 600 ಆಗಿ, ‘ಸ್ವಲ್ಪ ಕೊಬ್ಬಿದೆ’ ಎಂಬಲ್ಲಿಗೆ ಮುಗಿಯುತ್ತದೆ.

ಆದ್ದರಿಂದ ಜ್ವರವಿದ್ದು ಹೊಟ್ಟೆಯ ಮೇಲ್ಭಾಗದ ನೋವಿರುವ ಪ್ರತಿ ರೋಗಿಯ ಮೊದಲ ರಕ್ತದಲ್ಲೇ ಟ್ರೈಗ್ಲಿಸರೈಡ್ ಮಾಡಿ, ಊಟ ಮಾಡಿದ್ದರೂ ಮಾಡಿ. ಪೂರ್ತಿ ಲಿಪಿಡ್ ಪ್ರೊಫೈಲ್ ಬೇಕಿಲ್ಲ, ಅದೊಂದೇ ಸಾಕು, ದುಬಾರಿಯೂ ಅಲ್ಲ. ಯಂತ್ರದ ಅಳತೆ ಮಿತಿ ಮೀರಿದರೆ ಸೀರಂ ಒಂದು ಪಾಲಿಗೆ ಒಂಬತ್ತು ಪಾಲು ನಾರ್ಮಲ್ ಸಲೈನ್ ಸೇರಿಸಿ ಮತ್ತೆ ಓಡಿಸಿ, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ. ‘ಮಿತಿ ಮೀರಿದೆ’ ಎಂದಷ್ಟೇ ಬರೆದರೆ 1100ಕ್ಕೂ 4000ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸೀರಂ ಬೆಳ್ಳಗೆ ಕಂಡ ಕೂಡಲೇ ವಾರ್ಡಿಗೆ ಫೋನ್ ಮಾಡಿ ತಿಳಿಸಿ, ಟ್ಯೂಬನ್ನು ಎಸೆಯದೆ ಫ್ರಿಡ್ಜ್‌ನಲ್ಲಿಡಿ. ಟ್ರೈಗ್ಲಿಸರೈಡ್ ರೀಏಜೆಂಟ್ ಮುಗಿದಿರುವ ಲ್ಯಾಬ್‌ಗೂ ಆ ಟ್ಯೂಬ್ ಉಪಯೋಗಕ್ಕೆ ಬರುತ್ತದೆ: ನಾಲ್ಕು ಡಿಗ್ರಿಯಲ್ಲಿ ಅಲುಗಾಡಿಸದೆ ರಾತ್ರಿಯಿಡೀ ಇಟ್ಟರೆ ಊಟದ ಕೊಬ್ಬು ಹೊತ್ತ ಕೈಲೋಮೈಕ್ರಾನ್‌ಗಳು ಕೆನೆಯಾಗಿ ಮೇಲೆ ಕಟ್ಟುತ್ತವೆ, ಯಕೃತ್ತಿನಿಂದ ಬಂದ ಕೊಬ್ಬಿದ್ದರೆ ಕೆಳಗಿನ ಸೀರಂ ಕಲಕಿದಂತೆಯೇ ಉಳಿಯುತ್ತದೆ. ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವಾಗ ಆ ಮೊದಲ ಟ್ಯೂಬನ್ನೂ, ರಕ್ತ ತೆಗೆದ ಹೊತ್ತನ್ನೂ ಜೊತೆಗೆ ಕಳಿಸಬಹುದು. ಚಿಕಿತ್ಸೆ ಮಾತ್ರ ಇದಕ್ಕಾಗಿ ಕಾಯಬಾರದು.

ಬೆಳ್ಳಗಿನ ಸೀರಂ ಬೇರೆ ಪರೀಕ್ಷೆಗಳನ್ನೂ ಹಾಳು ಮಾಡುತ್ತದೆ. ಅಮೈಲೇಸ್ ಸುಳ್ಳು ನಾರ್ಮಲ್ ತೋರಿಸಬಹುದು. ‘ಅಮೈಲೇಸ್ ಸರಿಯಿದೆ, ಗ್ಯಾಸ್ಟ್ರಿಕ್ ಅಷ್ಟೆ’ ಎಂದು ಮನೆಗೆ ಕಳಿಸುವ ಅನಾಹುತ ಆಗುವುದು ಇಲ್ಲೇ. ಸೀರಂ ತೆಳು ಮಾಡಿ ಮತ್ತೆ ನೋಡಿದರೆ ನಿಜ ಸಂಖ್ಯೆ ಹೊರಬರುತ್ತದೆ. ಮಂಗನಬಾವಿನಲ್ಲಿ ಇದಕ್ಕೆ ವಿರುದ್ಧ: ಊದಿದ ಲಾಲಾರಸ ಗ್ರಂಥಿಯಿಂದಲೇ ಅಮೈಲೇಸ್ ಏರುತ್ತದೆ, ಮೇದೋಜೀರಕಕ್ಕೆ ಏನೂ ಆಗಿರದೆಯೂ. ಎರಡೂ ಕಡೆ ಲೈಪೇಸ್ ಹೆಚ್ಚು ನಂಬಿಕೆಗೆ ಅರ್ಹ. ಅದು ನೋವು ಶುರುವಾದ ನಾಲ್ಕರಿಂದ ಎಂಟು ಗಂಟೆಯಲ್ಲಿ ಏರಿ ಒಂದು ವಾರದ ಮೇಲೂ ನಿಲ್ಲುತ್ತದೆ. ಅಮೈಲೇಸ್ ಮೂರರಿಂದ ಐದು ದಿನದಲ್ಲಿ ಇಳಿದುಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎರಡರಲ್ಲಿ ಒಂದನ್ನೇ ಇಡುವುದಾದರೆ ಲೈಪೇಸ್ ಇಡಿ.

ಸೋಡಿಯಂ ಇನ್ನೊಂದು ಬಲೆ. ಬಹುತೇಕ ದೊಡ್ಡ ಯಂತ್ರಗಳು ಸೀರಂ ತೆಳು ಮಾಡಿ ಅಳೆಯುತ್ತವೆ. ಕೊಬ್ಬು ಜಾಗ ಆಕ್ರಮಿಸಿಕೊಂಡಿರುವುದರಿಂದ ಸೋಡಿಯಂ ಇರುವುದಕ್ಕಿಂತ ಕಡಿಮೆ ತೋರುತ್ತದೆ. 122 ಎಂದು ಗಾಬರಿಗೊಂಡು ಮೂರು ಪರ್ಸೆಂಟ್ ಸಲೈನ್ ಏರಿಸಿದರೆ ಇಲ್ಲದ ಕಾಯಿಲೆಗೆ ಅಪಾಯದ ಚಿಕಿತ್ಸೆ ಕೊಟ್ಟಂತೆ. ತೆಳು ಮಾಡದೆ ನೇರ ಅಳೆಯುವ ಬ್ಲಡ್ ಗ್ಯಾಸ್ ಯಂತ್ರದಲ್ಲಿ ಒಮ್ಮೆ ನೋಡಿ. ಹಿಮೋಗ್ಲೋಬಿನ್ ಸುಳ್ಳು ಹೆಚ್ಚಳ ತೋರಿಸುತ್ತದೆ. ಡೆಂಗಿಯಲ್ಲಿ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ನೋಡುವಾಗ ಇದು ದಾರಿ ತಪ್ಪಿಸುತ್ತದೆ, ಹಾಗಾಗಿ ಟ್ಯೂಬ್ ತಿರುಗಿಸಿ ಅಳೆದ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನಂಬಿ. ಕಲ್ಲಿನಿಂದಾದ ಪ್ಯಾಂಕ್ರಿಯಾಟೈಟಿಸ್‌ಗೆ ಯಕೃತ್ತಿನ ಕಿಣ್ವವಾದ ಎಎಲ್‌ಟಿ 150 ದಾಟುವುದು ಒಂದು ಸುಳಿವು ಎಂದು ಓದಿರುತ್ತೇವೆ. ಹೆಪಟೈಟಿಸ್ ಇರುವಾಗ ಆ ಸುಳಿವಿಗೆ ಬೆಲೆಯಿಲ್ಲ, ಅಲ್ಟ್ರಾಸೌಂಡ್ ಮಾಡಿಯೇ ಕಲ್ಲನ್ನು ನೋಡಬೇಕು.

ಚಿಕಿತ್ಸೆಯ ಬಗ್ಗೆ ಚಿಕ್ಕದಾಗಿ. ಆರಂಭದ ದ್ರವಕ್ಕೆ ರಿಂಗರ್ ಲ್ಯಾಕ್ಟೇಟ್ ಒಳ್ಳೆಯದು, ಆದರೆ ಅಳತೆಯಲ್ಲಿ. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಅಧ್ಯಯನದಲ್ಲಿ ಗಂಟೆಗೆ ಕೆ.ಜಿ. ತೂಕಕ್ಕೆ 3 ಮಿಲಿಲೀಟರ್ ಸುರಿದವರಿಗೆ 1.5 ಮಿಲಿಲೀಟರ್ ಕೊಟ್ಟವರಿಗಿಂತ ಲಾಭವಾಗಲಿಲ್ಲ, ಮೈಯಲ್ಲಿ ನೀರು ತುಂಬಿಕೊಂಡದ್ದು ಮಾತ್ರ ಹೆಚ್ಚು. ಡೆಂಗಿಯ ಸೋರಿಕೆಯೂ ಜೊತೆಗಿದ್ದರೆ ಈ ಎಚ್ಚರ ಇಮ್ಮಡಿ ಬೇಕು. ನೋವಿಗೆ ತಕ್ಕ ಔಷಧ ಕೊಡಬೇಕು. ಡೆಂಗಿ ಶಂಕೆಯಿದ್ದಾಗ ಡೈಕ್ಲೋಫೆನಾಕ್ ಬೇಡ. ಆಂಟಿಬಯಾಟಿಕ್ ಮುನ್ನೆಚ್ಚರಿಕೆಗೆಂದು ಬೇಡ. ಟ್ರೈಗ್ಲಿಸರೈಡ್ ಸಾವಿರ ದಾಟಿ ಸಕ್ಕರೆಯೂ ಏರಿದ್ದರೆ ಗಂಟೆಗೆ ಕೆ.ಜಿ.ಗೆ 0.1ರಿಂದ 0.3 ಯೂನಿಟ್ ಇನ್ಸುಲಿನ್, ಸಕ್ಕರೆ ಇಳಿದಾಗ ಜೊತೆಗೆ ಡೆಕ್ಸ್ಟ್ರೋಸ್, ಗಂಟೆಗೊಮ್ಮೆ ಸಕ್ಕರೆ, ಕೆಲವು ಗಂಟೆಗೊಮ್ಮೆ ಪೊಟ್ಯಾಸಿಯಂ. ಗುರಿ 500ರ ಕೆಳಗೆ. ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ತುಂಬುವುದು) ಒಂದೇ ಸಲಕ್ಕೆ ಕೊಬ್ಬನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ನಿಜ. ಪ್ರಾಣ ಉಳಿಸುವಲ್ಲಿ ಇನ್ಸುಲಿನ್‌ಗಿಂತ ಮೇಲೆಂದು ಸಾಬೀತಾಗಿಲ್ಲ. ಅದಕ್ಕಾಗಿ ಬಡ ಕುಟುಂಬವೊಂದು ಜಮೀನು ಅಡವಿಡುವ ಮೊದಲು ವೈದ್ಯರು ಇದನ್ನು ಬಿಡಿಸಿ ಹೇಳಬೇಕು. ವಾಂತಿ ನಿಂತ ಕೂಡಲೇ, ಸಾಧ್ಯವಾದರೆ ಒಂದೆರಡು ದಿನದಲ್ಲೇ, ಕೊಬ್ಬಿಲ್ಲದ ಮೆತ್ತನೆ ಊಟ ಶುರುಮಾಡುವುದು ಈಗಿನ ಪದ್ಧತಿ. ವಾರಗಟ್ಟಲೆ ಉಪವಾಸ ಹಾಕುವ ಕಾಲ ಹೋಯಿತು.

ಮನೆಯ ಊಟದ ವಿಷಯಕ್ಕೆ ಹೆಚ್ಚು ಜಾಗ ಕೇಳುತ್ತೇವೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡುವ ಆರೈಕೆಯೇ ಇಲ್ಲಿ ತಿರುಗಿ ಹೊಡೆಯುತ್ತದೆ. ಕಬ್ಬಿನ ಸೀಮೆಯಾದ ನಮ್ಮಲ್ಲಿ ಕಾಮಾಲೆ ಬಂದವರಿಗೆ ಕಬ್ಬಿನ ಹಾಲು ಕುಡಿಸುವುದು ರೂಢಿ. ಒಂದು ದೊಡ್ಡ ಲೋಟದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ, ದಿನಕ್ಕೆ ನಾಲ್ಕು ಲೋಟವೆಂದರೆ 120 ಗ್ರಾಂ. ಯಕೃತ್ತು ಈ ಸಕ್ಕರೆಯ ಒಂದು ಭಾಗವನ್ನು ಟ್ರೈಗ್ಲಿಸರೈಡ್ ಮಾಡಿಯೇ ಕಳಿಸುತ್ತದೆ. ಟ್ರೈಗ್ಲಿಸರೈಡ್ ಅಥವಾ ಸಕ್ಕರೆ ಹೆಚ್ಚಿರುವವರಿಗೆ ಇದು ಸಲ್ಲದು. ರಸ್ತೆಬದಿಯ ಕಬ್ಬಿನ ಹಾಲಿಗೆ ಹಾಕುವ ಐಸು ಕೊಳಕು ನೀರಿನದಾದರೆ ಕಾಮಾಲೆಯ ವೈರಸ್ ಮತ್ತೆ ಅಲ್ಲಿಂದಲೇ ಬರಬಹುದು. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬ ನಂಬಿಕೆಯೂ ತಪ್ಪು. ಈ ಲೆಕ್ಕದಲ್ಲಿ ಎರಡೂ ಒಂದೇ. ಎಳನೀರಿಗೆ, ಗಂಜಿಗೆ ಅಡ್ಡಿಯಿಲ್ಲ. ಜ್ವರ ಬಿಟ್ಟ ಮೇಲೆ ಶಕ್ತಿ ಬರಲೆಂದು ಕೊಡುವ ಕಾಲು ಸೂಪಿನ ಮೇಲೆ ತೇಲುವುದು ಬರೀ ಕೊಬ್ಬು. ಕೊಡಲೇಬೇಕೆಂದಿದ್ದರೆ ಮೇದೋಜೀರಕದ ನೋವು ಪೂರ್ತಿ ಹೋದ ಮೇಲೆ, ಸೂಪನ್ನು ಆರಿಸಿ ಫ್ರಿಡ್ಜ್‌ನಲ್ಲಿಟ್ಟು, ಮೇಲೆ ಗಟ್ಟಿಯಾದ ಪದರವನ್ನು ಪೂರ್ತಿ ತೆಗೆದು, ಉಳಿದದ್ದನ್ನು ಕುದಿಸಿ ಕೊಡಿ.

ಟ್ರೈಗ್ಲಿಸರೈಡ್ ಸಾವಿರ ದಾಟಿದವರಿಗೆ ಮೊದಲ ವಾರಗಳಲ್ಲಿ ದಿನದ ಕೊಬ್ಬು 20ರಿಂದ 25 ಗ್ರಾಂ ಮೀರಬಾರದು. ಲೆಕ್ಕ ಹೀಗೆ: ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ನಾಲ್ಕೂವರೆ ಗ್ರಾಂ, ಒಂದು ಹಿಡಿ, ಅಂದರೆ 30 ಗ್ರಾಂ, ತೆಂಗಿನ ತುರಿಯಲ್ಲಿ ಸುಮಾರು 10, ಅಷ್ಟೇ ಕಡಲೆಕಾಯಿ ಬೀಜದಲ್ಲಿ 14, ಒಂದು ಮೊಟ್ಟೆಯ ಹಳದಿಯಲ್ಲಿ 5, ಆರು ಪರ್ಸೆಂಟ್ ಕೊಬ್ಬಿನ ಹಾಲು ಒಂದು ಲೋಟಕ್ಕೆ 12, ಒಂದೂವರೆ ಪರ್ಸೆಂಟಿನದಾದರೆ 3. ಇಷ್ಟು ಗೊತ್ತಿದ್ದರೆ ಮದ್ದೂರು ವಡೆ, ಬೆಣ್ಣೆ ಮಸಾಲೆದೋಸೆ, ಮೈಸೂರು ಪಾಕ್ ಯಾಕೆ ಬೇಡವೆಂದು ಬೇರೆ ಹೇಳಬೇಕಿಲ್ಲ. ಒಳ್ಳೆಯ ಸಂಗತಿಯೆಂದರೆ ನಮ್ಮ ಹಳ್ಳಿಯ ನಿತ್ಯದ ಊಟ ಈ ಮಿತಿಗೆ ಸರಿಯಾಗಿ ಹೊಂದುತ್ತದೆ. ರಾಗಿಯಲ್ಲಿ ಕೊಬ್ಬು 100 ಗ್ರಾಂಗೆ 2 ಗ್ರಾಂ ದಾಟದು. ಮುದ್ದೆ, ಸೊಪ್ಪು ಬೇಳೆ ಬೇಯಿಸಿ ಬಸಿದ ಉಪ್ಸಾರು, ಕೆನೆ ತೆಗೆದ ಮಜ್ಜಿಗೆ, ಚರ್ಮ ತೆಗೆದ ಕೋಳಿಯ ನಾಲ್ಕು ತುಂಡು, ಇಡೀ ದಿನಕ್ಕೆ ಮೂರು ಚಿಕ್ಕ ಚಮಚ ಎಣ್ಣೆ, ಇದು ಇಪ್ಪತ್ತೈದರೊಳಗೆ ಬರುತ್ತದೆ. ಸಕ್ಕರೆ ಕಾಯಿಲೆಯವರು ಮುದ್ದೆಯ ಗಾತ್ರ ಮಾತ್ರ ನೋಡಿಕೊಳ್ಳಬೇಕು. ಕೊಬ್ಬರಿ ಎಣ್ಣೆ ಬೇಗ ಅರಗುತ್ತದೆ, ಆದ್ದರಿಂದ ಅಡ್ಡಿಯಿಲ್ಲ ಎಂಬ ಮಾತು ಓಡಾಡುತ್ತಿದೆ. ಇಂಥ ರೋಗಿಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆ ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿರುವ ಲಾರಿಕ್ ಆಮ್ಲದ ಬಹುಪಾಲು ಮಾಮೂಲಿ ಕೊಬ್ಬಿನ ದಾರಿಯಲ್ಲೇ ರಕ್ತಕ್ಕೆ ಬರುತ್ತದೆ. ಮದ್ಯ ಒಂದು ತೊಟ್ಟೂ ಬೇಡ. ‘ಬಿಯರ್ ಆದರೆ ಪರವಾಗಿಲ್ಲವೇ’ ಎಂಬ ಪ್ರಶ್ನೆಗೂ ಅದೇ ಉತ್ತರ.

ಡಿಸ್ಚಾರ್ಜ್ ಆದ ನಾಲ್ಕರಿಂದ ಆರು ವಾರಕ್ಕೆ ಉಪವಾಸದ ಟ್ರೈಗ್ಲಿಸರೈಡ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಮೂತ್ರದ ಪ್ರೋಟೀನ್ ನೋಡಿ. ಆಗ 150ರ ಆಸುಪಾಸಿಗೆ ಬಂದಿದ್ದರೆ ಸೋಂಕು ಮತ್ತು ಔಷಧದ ಪಾಲು ದೊಡ್ಡದಿತ್ತು ಎನ್ನಬಹುದು. 500ರ ಮೇಲೇ ಉಳಿದಿದ್ದರೆ ಮೂಲ ಕಾರಣ ಒಳಗಿದೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಿ. ಮೊಣಕೈ, ಪೃಷ್ಠದ ಮೇಲೆ ಸಣ್ಣ ಹಳದಿ ಗುಳ್ಳೆಗಳ ಗುಂಪು ಇದೆಯೇ ನೋಡಿ. ಅದು ಕೊಬ್ಬಿನದೇ ಗುರುತು. ಟ್ರೈಗ್ಲಿಸರೈಡ್ ಇಳಿಸಲು ಫೆನೋಫೈಬ್ರೇಟ್ ಉಪಯೋಗಕ್ಕೆ ಬರುವ ಮಾತ್ರೆ, ಆದರೆ ಹೆಪಟೈಟಿಸ್ ಇನ್ನೂ ಇಳಿಯದವರಿಗೆ, ಮೂತ್ರಪಿಂಡ ತೀರಾ ಸೋತವರಿಗೆ ಕೊಡುವಂತಿಲ್ಲ. ಜೊತೆಗೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಇದ್ದರೆ ಅದೇ ಗುಂಪಿನ ಜೆಮ್‌ಫೈಬ್ರೋಜಿಲ್ ಬೇಡ, ಸ್ನಾಯುಗಳು ಕೆಡುತ್ತವೆ. ಮುಂದಿನ ಸಲ ಯಾವ ಜ್ವರ ಬಂದರೂ ‘ನನಗೆ ಟ್ರೈಗ್ಲಿಸರೈಡ್ ಹೆಚ್ಚಾಗಿ ಪ್ಯಾಂಕ್ರಿಯಾಸ್ ಊದಿತ್ತು’ ಎಂದು ಮೊದಲೇ ಹೇಳಿ, ಹಳೆಯ ರಿಪೋರ್ಟನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ, ಕೆ.ಆರ್. ಆಸ್ಪತ್ರೆ ಮತ್ತು ಮಂಡ್ಯದ ಮಿಮ್ಸ್ ಆಡಳಿತದಲ್ಲಿ ನಮ್ಮ ಕೋರಿಕೆ ಇಷ್ಟು. ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ, ಹುಣಸೂರು, ಎಚ್.ಡಿ. ಕೋಟೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಳೆಗಾಲದ ಜ್ವರದ ಪಟ್ಟಿಗೆ ‘ಮೇಲ್ಹೊಟ್ಟೆ ನೋವಿದ್ದರೆ ಲೈಪೇಸ್, ಟ್ರೈಗ್ಲಿಸರೈಡ್, ಸಕ್ಕರೆ, ಮೂತ್ರದ ಕೀಟೋನ್’ ಎಂಬ ಒಂದು ಸಾಲು ಸೇರಿಸಿ. ಲೈಪೀಮಿಕ್ ಮಾದರಿಯನ್ನು ತಿರಸ್ಕರಿಸುವ ನಿಯಮವನ್ನು ಬದಲಿಸಿ, ತುರ್ತು ಫಲಿತಾಂಶಗಳ ಪಟ್ಟಿಗೆ ಅದನ್ನು ಸೇರಿಸಿ. ರೆಫರಲ್ ಚೀಟಿಯಲ್ಲಿ ನೋವು ಶುರುವಾದ ಹೊತ್ತು, ಮೊದಲ ರಕ್ತ ತೆಗೆದ ಹೊತ್ತು, ಅದಕ್ಕೆ ಮೊದಲು ಕೊಟ್ಟ ಇಂಜೆಕ್ಷನ್ ಮತ್ತು ಡ್ರಿಪ್ಸ್ ಹೆಸರು ಬರೆಯಲು ಜಾಗ ಕೊಡಿ. ರಾಜ್ಯ ಸರ್ಕಾರಕ್ಕೆ ಇನ್ನೊಂದು: ಕರ್ನಾಟಕದಲ್ಲಿ 2017ರಿಂದ ಮಕ್ಕಳಿಗೆ ಉಚಿತವಾಗಿ ಸಿಗುತ್ತಿರುವ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾವನ್ನಷ್ಟೇ ತಡೆಯುತ್ತದೆ. ಮಂಗನಬಾವನ್ನೂ ತಡೆಯುವ ಎಂಎಂಆರ್ ದುಡ್ಡು ಕೊಟ್ಟು ಹಾಕಿಸಬಲ್ಲವರ ಮಕ್ಕಳಿಗೆ ಮಾತ್ರ ಸಿಗುತ್ತಿದೆ. ಅದನ್ನೂ ಸರ್ಕಾರಿ ಪಟ್ಟಿಗೆ ಸೇರಿಸುವಂತೆ ಕೇಂದ್ರವನ್ನು ಒತ್ತಾಯಿಸಬೇಕು.

ಇಂತಿ,
ಮೈಸೂರು ಮತ್ತು ಮಂಡ್ಯದ ಕೆಲವು ವೈದ್ಯರು, ಲ್ಯಾಬ್ ತಂತ್ರಜ್ಞರು ಹಾಗೂ ಆಹಾರ ತಜ್ಞರು